ಚೇಲಾ ಪಟಾಲಮಿನ ಹುಡುಗರು

ಚಿತ್ರದುರ್ಗದಿಂದ ಹಿರಿಯೂರಿಗೆ ಹೊರಟವರಿಗೆ ದಾರಿಯಲ್ಲಿ ಐಮಂಗಲ ಸಿಕ್ಕುತ್ತದೆ. ಆ ದಾರಿಯಲ್ಲಿ ನಿಂತು ದುರ್ಗದ ದಿಕ್ಕನ್ನು ನೋಡಿದಾಗಲೆಲ್ಲ ನಮಗೆ ಬಾಲ್ಯದಲ್ಲಿ ಓದಿದ ಆಂಗ್ಲ ಸಾಹಸಕಥೆಗಳು ನೆನಪಾಗುತ್ತವೆ. ದೂರದೇಶಕ್ಕೆ ಬಂದ ಬಿಳಿಯ ತರುಣ, ಕ್ರೂರನಾದ ಅರಸ, ಗಿರಿದುರ್ಗದ ಸೆರೆ, ಕೊನೆಗೆ ಬಿಡುಗಡೆ. ಹೆಂಟಿ ಎಂಬಾತನು 1896ರಲ್ಲಿ ಹೊರತಂದ ‘ದಿ ಟೈಗರ್ ಆಫ್ ಮೈಸೂರ್’ ಇಂಥದೇ ಕಥೆ. ಸರ್ ವಾಲ್ಟರ್ ಸ್ಕಾಟನಂತೂ ಭಾರತವನ್ನು ಕಣ್ಣಿಂದ ಕಾಣದೆಯೇ, ಇಲ್ಲಿದ್ದು ಹೋದ ಮಿತ್ರನೊಬ್ಬನಿಂದ ವಿವರಗಳನ್ನು ಕಡ ಪಡೆದು, 1827ರ ‘ದಿ ಸರ್ಜನ್ಸ್ ಡಾಟರ್’ ಕಥೆಯೊಳಕ್ಕೆ ಹೈದರನನ್ನು ಕರೆತಂದನು. ಇವನ್ನು ಓದಿ ನಾವು ಸಂತೋಷಪಟ್ಟದ್ದೇನೋ ಉಂಟು.

ಆದರೆ ಇವೆಲ್ಲಕ್ಕಿಂತ ಹೆಚ್ಚಿನ ಬೆಲೆಯುಳ್ಳದ್ದು, 1824ರಲ್ಲಿ ಅಚ್ಚಾದ, ಜೇಮ್ಸ್ ಸ್ಕರಿ ಎಂಬ ನಾವಿಕನ ಸ್ವಂತ ವೃತ್ತಾಂತ. 1782ರಲ್ಲಿ ಫ್ರೆಂಚರು ‘ಹ್ಯಾನಿಬಲ್’ ಎಂಬ ಆಂಗ್ಲ ನೌಕೆಯನ್ನು ಹಿಡಿದು, ಅದರಲ್ಲಿದ್ದವರನ್ನು ಹೈದರನಿಗೆ ಒಪ್ಪಿಸಿಬಿಟ್ಟರು. ಸ್ಕರಿ ಆಗಿನ್ನೂ ಹುಡುಗ. ಅವನಿಗೆ ಬಲಾತ್ಕಾರದಿಂದ ಸುನ್ನತಿ ಮಾಡಿಸಿ, ಹೆಸರು ಬದಲಿಸಿ, ಚೇಲಾ ಪಟಾಲಮಿಗೆ ಸೇರಿಸಿದರು. ಆರ್ಕಾಟಿನ ಸೀಮೆಯಿಂದ ಹಿಡಿದುತಂದ ಹುಡುಗಿಯೊಬ್ಬಳೊಡನೆ ಮುಂದೆ ಮದುವೆಯೂ ಆಯಿತು. ಹತ್ತು ವರ್ಷದ ಸೆರೆಯ ಕೊನೆಗೆ ಅವನು ತಪ್ಪಿಸಿಕೊಂಡು ಹೋದದ್ದು ಚಿತ್ರದುರ್ಗದಿಂದಲೇ. ತನ್ನವರನ್ನು ಸೇರುವ ವೇಳೆಗೆ, ಕುರ್ಚಿಯ ಮೇಲೆ ಕುಳಿತು ಚಾಕು ಮುಳ್ಳುಗಳಿಂದ ಉಣ್ಣುವುದು ಅವನಿಗೆ ಮರೆತೇಹೋಗಿತ್ತು. ತಾಯ್ನುಡಿಯೇ ನಾಲಗೆಯಲ್ಲಿ ತೊಡರುತ್ತಿತ್ತು. ಹೆಂಟಿಯ ನಾಯಕನಾದರೋ ಎಷ್ಟು ವೇಷ ಮರೆಸಿಕೊಂಡರೂ ಒಳಗೆ ಬಂದ ಹಾಗೆಯೇ ಹಿಂತಿರುಗುತ್ತಾನೆ. ಕಥೆಗೂ ಬದುಕಿಗೂ ಇರುವ ಅಂತರ ನಮಗೆ ಇಲ್ಲಿ ಕಾಣುತ್ತದೆ.

ಚೇಲಾ ಪಟಾಲಮು ಆಂಗ್ಲ ಬಾಲಕರಿಗಾಗಿ ಹುಟ್ಟಿದ್ದಲ್ಲವೆಂಬುದನ್ನು ಶ್ರೋತೃಗಳು ಗಮನಿಸಬೇಕು. 1779ರಲ್ಲಿ ಹೈದರನು ಚಿತ್ರದುರ್ಗವನ್ನು ಗೆದ್ದು ಮದಕರಿನಾಯಕನನ್ನು ಸೆರೆಹಿಡಿದ ಮೇಲೆ, ಈ ಸೀಮೆಯ ಬೇಡರ ಬಲವನ್ನು ಮುರಿಯುವುದಕ್ಕಾಗಿ ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದು ಕರ್ನಲ್ ವಿಲ್ಕ್ಸನು ತನ್ನ ಮೈಸೂರಿನ ಇತಿಹಾಸದಲ್ಲಿ ಬರೆದಿದ್ದಾನೆ. ಅವರ ಹುಡುಗರನ್ನು ಮತಾಂತರಗೊಳಿಸಿ, ಕವಾಯತು ಕಲಿಸಿ, ಕಟ್ಟಿದ ಪಡೆಗೆ ಚೇಲಾ ಎಂಬ ಹೆಸರಾಯಿತು. ಸ್ಕರಿ ಅನುಭವಿಸಿದ್ದನ್ನೆಲ್ಲ ಈ ಮಕ್ಕಳು ಅವನಿಗಿಂತ ಮೂರು ವರ್ಷ ಮೊದಲೇ ಅನುಭವಿಸಿದ್ದರು. ಅವನಿಗೆ ಸೆರೆಯಾಗಿದ್ದ ಬೆಟ್ಟ ಅವರಿಗೆ ಮನೆಯಾಗಿತ್ತು. ಅವನ ವೃತ್ತಾಂತವು ಲಂಡನ್ನಿನಲ್ಲಿ ಪುಸ್ತಕವಾಯಿತು. ವಿಲ್ಕ್ಸನ ಗ್ರಂಥದಲ್ಲಿ ಈ ಮಕ್ಕಳಿಗೆ ದೊರೆತಿರುವುದು ಕೆಲವೇ ಪಂಕ್ತಿಗಳು, ಅದೂ ಒಬ್ಬನ ಹೆಸರೂ ಇಲ್ಲದೆ.