ಹಕ್ಕುಶೋಧನೆಯ ಕಸುಬು ಮತ್ತು ಗಣಕೀಕರಣ: ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳನ್ನು ಕುರಿತ ಒಂದು ಅಧ್ಯಯನ

ಪೀಠಿಕೆ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಜಮೀನು ಕೊಳ್ಳುವವರೂ ಜಮೀನಿನ ಮೇಲೆ ಸಾಲ ಎತ್ತುವವರೂ ಮೊದಲು ದಾಖಲೆ ನೋಡಬಲ್ಲ ಒಬ್ಬರನ್ನು ಹುಡುಕುತ್ತಾರೆ. ಅವರು ಲೈಸೆನ್ಸ್ ಪಡೆದ ಪತ್ರ ಬರಹಗಾರರಿರಬಹುದು, ಬ್ಯಾಂಕಿನ ಪ್ಯಾನಲ್‌ನಲ್ಲಿರುವ ವಕೀಲರಿರಬಹುದು, ಇಲ್ಲವೇ ಸಬ್ ರಿಜಿಸ್ಟ್ರಾರ್ ಕಚೇರಿಗೂ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೂ ಅಲೆದು ನಕಲು ತೆಗೆಸಿಕೊಡುವ ಸಹಾಯಕರಿರಬಹುದು. ಇವರೆಲ್ಲರ ಕೆಲಸವನ್ನು ಈ ಲೇಖನದಲ್ಲಿ ಹಕ್ಕುಶೋಧನೆ ಎಂದು ಕರೆಯಲಾಗಿದೆ. ಕಳೆದ ಎರಡು ದಶಕಗಳ ಗಣಕೀಕರಣ ಮತ್ತು ಸಾಲಸಂಸ್ಥೆಗಳ ಹೊರಗುತ್ತಿಗೆ ಈ ಕಸುಬನ್ನು ಅಂಚಿಗೆ ತಳ್ಳುತ್ತಿವೆ. ದಾಖಲೆ ಹುಡುಕುವುದು ಬೇರೆ, ದಾಖಲೆಗಳಿಂದ ಹಕ್ಕನ್ನು ಓದುವುದು ಬೇರೆ. ಮೊದಲನೆಯದನ್ನು ಯಂತ್ರಕ್ಕೆ ಒಪ್ಪಿಸಿದೊಡನೆ ಎರಡನೆಯದೂ ಮುಗಿಯಿತೆಂದು ಭಾವಿಸಿದರೆ ನಷ್ಟ ಬೀಳುವುದು ಸಣ್ಣ ಹಿಡುವಳಿದಾರರ ತಲೆಗೆ ಎಂಬುದು ಇಲ್ಲಿನ ವಾದ.

ನೋಂದಣಿಯ ಮಿತಿ

1908ರ ನೋಂದಣಿ ಕಾಯ್ದೆಯಡಿ ನೋಂದಣಿಯಾಗುವುದು ದಸ್ತಾವೇಜು, ಹಕ್ಕಲ್ಲ. ಮಾರುವವರಿಗೆ ಮಾರುವ ಅಧಿಕಾರವಿತ್ತೇ ಎಂಬುದಕ್ಕೆ ಸರ್ಕಾರ ಖಾತರಿ ಕೊಡುವುದಿಲ್ಲ. ಆದ್ದರಿಂದಲೇ ಕಾಯ್ದೆಯ 57ನೇ ಪ್ರಕರಣವು ಶುಲ್ಕ ಕಟ್ಟಿದ ಯಾರಿಗೇ ಆದರೂ 1ನೇ ಪುಸ್ತಕವನ್ನೂ ಅದರ ಸೂಚಿಯನ್ನೂ ನೋಡುವ ಅವಕಾಶ ಕೊಟ್ಟಿದೆ. ಸ್ವತಂತ್ರ ಶೋಧಕರ ಕಸುಬು ನಿಂತಿರುವುದು ಈ ಪ್ರಕರಣದ ಮೇಲೆ. ಕಂದಾಯ ಇಲಾಖೆಯ ದಾಖಲೆಯಾದ ಪಹಣಿಗೂ ಮಿತಿಯಿದೆ. 1964ರ ಭೂಕಂದಾಯ ಕಾಯ್ದೆಯ 133ನೇ ಪ್ರಕರಣದಂತೆ ಅದರ ನಮೂದು ಸರಿಯೆಂದು ಭಾವಿಸಬೇಕಾದದ್ದು ತಪ್ಪೆಂದು ಸಾಬೀತಾಗುವವರೆಗೆ ಮಾತ್ರ.

1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಜಾರಿಗೆ ಬಂದ ಟಾರೆನ್ಸ್ ಪದ್ಧತಿಯಲ್ಲಿ ನೋಂದಣಿಯೇ ಹಕ್ಕು; ಹಿಂದಿನ ಪತ್ರಗಳ ಸರಪಳಿ ಬಿಡಿಸುವ ಅಗತ್ಯ ಅಲ್ಲಿ ಬಹುಮಟ್ಟಿಗೆ ಇಲ್ಲ. ನೆರೆಯ ಆಂಧ್ರಪ್ರದೇಶ ಇದೇ ದಾರಿಯಲ್ಲಿ 2022ರಲ್ಲಿ ಭೂಹಕ್ಕು ಕಾಯ್ದೆ ತಂದು, ತೀವ್ರ ವಿರೋಧದ ನಂತರ 2024ರಲ್ಲಿ ರದ್ದುಪಡಿಸಿತು. ಕರ್ನಾಟಕದಲ್ಲಿ ಅಂಥ ಖಾತರಿ ಇಲ್ಲವಾದ್ದರಿಂದ ಪತ್ರಗಳನ್ನು ಓದಿ ಹಕ್ಕು ನಿರ್ಣಯಿಸುವವರ ಅಗತ್ಯ ಉಳಿದೇ ಇದೆ.

ಭೂಮಿಯಿಂದ ಕಾವೇರಿ 2.0ವರೆಗೆ

2000ದ ಆಸುಪಾಸಿನಲ್ಲಿ ಜಾರಿಯಾದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಪಹಣಿ 15 ರೂಪಾಯಿಗೆ ತಾಲ್ಲೂಕಿನ ಕಿಟಕಿಯಲ್ಲಿ ಸಿಗತೊಡಗಿದ್ದು ರೈತರಿಗೆ ದೊಡ್ಡ ಬಿಡುಗಡೆಯೇ. ಆದರೆ 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ, ದಾಖಲೆ ಒಂದೆಡೆ ಸೇರಿದಾಗ ಅದರ ಲಾಭ ದೊಡ್ಡ ಖರೀದಿದಾರರಿಗೆ ಹೆಚ್ಚು ದಕ್ಕುತ್ತದೆ ಎಂದು ಎಚ್ಚರಿಸಿತ್ತು.

ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದ ಮೂಲಕ ಆನ್‌ಲೈನಿನಲ್ಲಿ ಸಿಗುವ ಋಣಭಾರ ಪ್ರಮಾಣಪತ್ರ, ಅಂದರೆ ಜನರ ಬಾಯಲ್ಲಿನ ಇ.ಸಿ., 2004ರ ಏಪ್ರಿಲ್ 1ರಿಂದ ಈಚಿನದು. 2023ರಲ್ಲಿ ಬಂದ ಕಾವೇರಿ 2.0ನಲ್ಲಿ ಕ್ರಯಪತ್ರದ ಕರಡು ಏರಿಸುವುದು, ಶುಲ್ಕ ಕಟ್ಟುವುದು, ದಿನ ಗೊತ್ತುಮಾಡಿಕೊಳ್ಳುವುದು ಎಲ್ಲವನ್ನೂ ಪಕ್ಷಕಾರರೇ ಮಾಡಬಹುದು. 1979ರ ನಿಯಮಗಳಡಿ ಲೈಸೆನ್ಸ್ ಪಡೆದ ಪತ್ರ ಬರಹಗಾರರು ತಮಗೊಂದು ಪ್ರತ್ಯೇಕ ಲಾಗಿನ್ ಬೇಕೆಂದು ಕೇಳುತ್ತಿರುವುದು ಈ ಹಿನ್ನೆಲೆಯಲ್ಲಿ. 2024ರಲ್ಲಿ ಜಿಲ್ಲೆಯೊಳಗಿನ ಯಾವುದೇ ಕಚೇರಿಯಲ್ಲಿ ನೋಂದಣಿ ಮಾಡಿಸುವ ಅವಕಾಶವೂ ಬಂತು. ತರೀಕೆರೆಯ ಜಮೀನನ್ನು ಆ ಊರಿನ ಚಕ್ಕುಬಂದಿ ತಿಳಿಯದ ಕಚೇರಿಯಲ್ಲೂ ಈಗ ನೋಂದಾಯಿಸಬಹುದು. 2025ರ ಆರಂಭದಲ್ಲಿ ಸೈಬರ್ ದಾಳಿಯಿಂದ ಕಾವೇರಿ 2.0 ಅಸ್ತವ್ಯಸ್ತಗೊಂಡಾಗ ರಾಜ್ಯದುದ್ದಕ್ಕೂ ನೋಂದಣಿಗೆ ತೊಡಕಾಯಿತು.

ಮೂರು ತಾಲ್ಲೂಕುಗಳ ಭೂಚರಿತ್ರೆ

ಈ ಭಾಗದಲ್ಲಿ ಹಕ್ಕಿನ ತೊಡಕು ಹೆಚ್ಚಾಗಿ ಹುಟ್ಟುವುದು 2004ಕ್ಕಿಂತ ಹಿಂದೆ, ಅದೂ ನೋಂದಣಿ ಪುಸ್ತಕದ ಹೊರಗೆ. ಅಜ್ಜಂಪುರ ಬಹುಕಾಲ ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದು, ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಹೀಗಾಗಿ ಅಜ್ಜಂಪುರದ ಒಂದೇ ಗ್ರಾಮ ಮೂರು ತಲೆಬರಹಗಳಡಿ ದಾಖಲಾಗಿದೆ; ಹೊಸ ಹೆಸರಿನಲ್ಲಷ್ಟೇ ಹುಡುಕಿದರೆ ಹಳೆಯ ಪತ್ರ ಕಣ್ಣಿಗೆ ಬೀಳದು.

ಜಮೀನಿನ ಮೂಲವೂ ಒಂದೇ ಬಗೆಯದಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಈ ಸೀಮೆಯ ಕಾವಲುಗಳು ಒಮ್ಮೆ ಆ ರಾಸುಗಳ ಮೇವಿಗೆ ಮೀಸಲಾಗಿದ್ದವು. ಕಾವಲಿನ ಸರ್ವೆ ನಂಬರಿನಲ್ಲಿ ಜಮೀನು ಕೊಳ್ಳುವವರು ಅದು ಯಾವ ಆದೇಶದಿಂದ ಖಾಸಗಿಯಾಯಿತೆಂದು ನೋಡಲೇಬೇಕು. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ಭೂಮಿ ಮುಳುಗಡೆಯಾದವರಿಗೆ ಕೊಟ್ಟ ಜಮೀನು, 1950ರ ದಶಕದಲ್ಲಿ ರದ್ದಾದ ಇನಾಂ ಜಮೀನು, 1961ರ ಕಾಯ್ದೆಯಿಂದ ಕೊನೆಗೊಂಡ ಶಾನುಭೋಗ, ಪಟೇಲ, ತೋಟಿ, ತಳವಾರಿಕೆಯ ಜಮೀನು, ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಫಾರಂ 7ರ ಅರ್ಜಿಯ ಮೂಲಕ ಗೇಣಿದಾರರಿಗೆ ದಕ್ಕಿದ ಜಮೀನು: ಇವೆಲ್ಲಕ್ಕೂ ತಮ್ಮದೇ ಷರತ್ತುಗಳಿವೆ. ಅವು ಇರುವುದು ಆದೇಶದ ಕಡತದಲ್ಲಿ, ಇ.ಸಿ.ಯಲ್ಲಿ ಅಲ್ಲ.

2023ರಲ್ಲಿ ಕಡೂರು ಮತ್ತು ಮೂಡಿಗೆರೆ ತಾಲ್ಲೂಕುಗಳಲ್ಲಿ ಅಕ್ರಮ ಭೂಮಂಜೂರಾತಿಯ ಆರೋಪ ಎದ್ದಾಗ ಸರ್ಕಾರ ತಹಶೀಲ್ದಾರರ ತಂಡ ಕಳುಹಿಸಿ ಮಂಜೂರಾತಿ ಕಡತಗಳನ್ನೇ ತಪಾಸಣೆ ಮಾಡಿಸಬೇಕಾಯಿತು. ಮಂಜೂರಾತಿ ಒಮ್ಮೆ ಪಹಣಿಗೆ ಏರಿತೆಂದರೆ ಸಕ್ರಮವೂ ಅಕ್ರಮವೂ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಕಡತ ಬಿಚ್ಚಿದಾಗಲೇ.

ಒಂದು ಮಾದರಿ ಶೋಧನೆ

ಅಜ್ಜಂಪುರ ತಾಲ್ಲೂಕಿನ ಒಂದು ಗ್ರಾಮದಲ್ಲಿ 2 ಎಕರೆ 10 ಗುಂಟೆ ಅಡಿಕೆ ತೋಟ ಮಾರಾಟಕ್ಕಿದೆ ಎಂದು ವಿವರಣೆಗಾಗಿ ಇಟ್ಟುಕೊಳ್ಳೋಣ. ಪಹಣಿಯ 9ನೇ ಕಾಲಂನಲ್ಲಿ ಒಬ್ಬರದೇ ಹೆಸರು. 11ನೇ ಕಾಲಂನಲ್ಲಿ ಸಾಲವಿಲ್ಲ. 2004ರಿಂದ ಈಚೆಗೆ ಇ.ಸಿ. ನಿಲ್. ಯಂತ್ರದ ಪಾಲಿನ ಕೆಲಸ ಇಲ್ಲಿಗೆ ಮುಗಿಯಿತು.

ನುರಿತ ಶೋಧಕರ ಕೆಲಸ ಇಲ್ಲಿಂದ ಶುರು. ಹೆಸರು ಬಂದದ್ದು ಹೇಗೆಂದು ಅವರು ಮ್ಯುಟೇಷನ್ ತೆಗೆಸುತ್ತಾರೆ. ಮೃತರಿಂದ ವಾರಸುದಾರರಿಗೆ ಬಂದ ಪೌತಿ ಖಾತೆಯಾಗಿದ್ದರೆ ವಂಶವೃಕ್ಷ ಕೇಳಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿದೆಯೇ ನೋಡುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮತ್ತು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು. ಮನೆಯೊಳಗೆ ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲು ಕೋರ್ಟಿನಲ್ಲಿ ನಿಲ್ಲುವುದು ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದಾಗ, ಅದೂ ಅಪರೂಪಕ್ಕೆ. ಆಮೇಲೆ 2004ಕ್ಕಿಂತ ಹಿಂದಿನ ಕೈಬರಹದ ಸೂಚಿ. ಒಂದು ಪತ್ರದಲ್ಲಿ ‘ಸಣ್ಣಪ್ಪ’, ಇನ್ನೊಂದರಲ್ಲಿ ‘ಸಣ್ಣರಂಗಪ್ಪ’, ಮತ್ತೊಂದರಲ್ಲಿ ‘ರಂಗಪ್ಪ’ ಎಂದಿರುವವರು ಒಬ್ಬರೇ ಎಂದು ತಿಳಿಯುವುದು ತಂದೆಯ ಹೆಸರು, ಚಕ್ಕುಬಂದಿ, ಸಾಕ್ಷಿಗಳ ರುಜು ಹೊಂದಿಸಿ ನೋಡಿದಾಗ. ಪೋಡಿ, ಅಂದರೆ ಸರ್ವೆ ನಂಬರಿನ ವಿಭಜನೆ, ಆಗುವ ಮೊದಲಿನ ನಂಬರಿನಲ್ಲೂ ಹುಡುಕಬೇಕು. ಹಳೆಯ ಆಧಾರಪತ್ರ ಆ ನಂಬರಿನಡಿ ಕುಳಿತಿರಬಹುದು.

ಕೊನೆಗೆ ಮೂಲ ಮಂಜೂರಾತಿ. ಸಾಗುವಳಿ ಚೀಟಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಕೊಟ್ಟದ್ದಾದರೆ ಅಂಥ ಜಮೀನಿನ ಪರಭಾರೆಯನ್ನು ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಜಮೀನು ಮೂಲ ಮಂಜೂರಿದಾರರ ಕುಟುಂಬಕ್ಕೆ ಮರಳಬೇಕು. 2023ರ ತಿದ್ದುಪಡಿಯಂತೆ ಅದಕ್ಕೆ ಕಾಲಮಿತಿಯಿಲ್ಲ. ಇಲ್ಲಿ ಶೋಧಕರ ಎಚ್ಚರ ಕೊಳ್ಳುವವರ ದುಡ್ಡನ್ನೂ ಕಾಯುತ್ತದೆ, ದುರ್ಬಲ ಕುಟುಂಬದ ಭೂಮಿಯನ್ನೂ ಕಾಯುತ್ತದೆ.

ಹೊರಗುತ್ತಿಗೆ ಮತ್ತು ಹೊಣೆ

ಅಮೆರಿಕದಲ್ಲಿ ಕೌಂಟಿ ದಾಖಲೆಗಳು ಆನ್‌ಲೈನಿಗೆ ಬಂದಂತೆ ಸ್ವತಂತ್ರ ಶೋಧಕರ ಕೆಲಸ ದೊಡ್ಡ ಕಂಪನಿಗಳಿಗೂ, ಅಲ್ಲಿಂದ ಭಾರತದ ಹೊರಗುತ್ತಿಗೆ ಕಚೇರಿಗಳಿಗೂ ಹೋಯಿತು. ಅದೇ ಮಾದರಿ ಈಗ ನಮ್ಮ ಗೃಹಸಾಲ ವ್ಯವಹಾರಕ್ಕೂ ಬರುತ್ತಿದೆ: ದೂರದ ನಗರದಲ್ಲಿ ಕುಳಿತವರು ಸ್ಕ್ಯಾನ್ ಪ್ರತಿಗಳನ್ನು ನೋಡಿ ವರದಿ ಬರೆಯುತ್ತಾರೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಅಮೆರಿಕದಲ್ಲಿ ಶೋಧನೆ ತಪ್ಪಿದರೆ ಹಕ್ಕುವಿಮೆ ನಷ್ಟ ತುಂಬಿಕೊಡುತ್ತದೆ. ಇಲ್ಲಿ ಅಂಥ ವಿಮೆ ರೂಢಿಗೆ ಬಂದಿಲ್ಲ. ವರದಿ ತಪ್ಪಿದರೆ ಬ್ಯಾಂಕು ಸಾಲಗಾರನಿಂದಲೇ ವಸೂಲಿಗೆ ಇಳಿಯುತ್ತದೆ. ಜಮೀನು ಕಳೆದುಕೊಂಡವನು ದಾವಾ ಹೂಡಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾನೆ. ಮನುಷ್ಯರ ಎಚ್ಚರವನ್ನು ತೆಗೆದುಹಾಕಿ ಅದರ ಜಾಗದಲ್ಲಿ ಪರಿಹಾರದ ಏರ್ಪಾಡನ್ನೂ ಇಡದಿದ್ದರೆ ಅದು ಅನ್ಯಾಯ.

ಉಪಸಂಹಾರ

ಗಣಕೀಕರಣಕ್ಕೆ ಮೊದಲಿನ ದಿನಗಳು ಚೆನ್ನಾಗಿದ್ದವೆಂದು ಈ ಲೇಖನ ಹೇಳುತ್ತಿಲ್ಲ. ಹುಳು ತಿಂದ ರಿಜಿಸ್ಟರ್, ನಕಲಿಗಾಗಿ ವಾರಗಟ್ಟಲೆ ಕಾಯುವುದು, ಮಧ್ಯವರ್ತಿಗಳ ಸುಲಿಗೆ ಇವನ್ನು ಯಾರೂ ಮರಳಿ ಬಯಸಬಾರದು. ಹಳೆಯ ಕಂದಾಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿರುವ ಭೂ ಸುರಕ್ಷಾ ಯೋಜನೆ ಶೋಧಕರಿಗೂ ಬಲ ಕೊಡಬಲ್ಲದು.

ಆದರೆ ಆ ಬಲ ಹುಟ್ಟಬೇಕಾದರೆ ಐದು ಕೆಲಸ ಆಗಬೇಕು. ಸ್ಕ್ಯಾನ್ ಆದ ಹಳೆಯ ದಾಖಲೆ 57ನೇ ಪ್ರಕರಣದ ಆಶಯದಂತೆ ಕಡಿಮೆ ಶುಲ್ಕಕ್ಕೆ ಎಲ್ಲರಿಗೂ ಸಿಗಬೇಕು. ಅದರ ಸೂಚಿ ಹಳೆಯ ಜಿಲ್ಲೆ, ತಾಲ್ಲೂಕು, ಸರ್ವೆ ನಂಬರುಗಳನ್ನು ಇಂದಿನವುಗಳಿಗೆ ಜೋಡಿಸಬೇಕು. ಪತ್ರ ಬರಹಗಾರರ ಲೈಸೆನ್ಸನ್ನು ತರಬೇತಿ, ಪರೀಕ್ಷೆ, ಹೊಣೆಗಾರಿಕೆಗಳೊಂದಿಗೆ ಹಕ್ಕುಶೋಧನೆಗೂ ವಿಸ್ತರಿಸಬೇಕು. ಬ್ಯಾಂಕುಗಳು 30 ವರ್ಷದ ಹಕ್ಕಿನ ವರದಿ ಕೇಳುವಾಗ, ಗಣಕಕ್ಕೆ ಮೊದಲಿನ ಅವಧಿಯನ್ನು ಯಾರು ಎಲ್ಲಿ ನೋಡಿದರೆಂದು ವರದಿಯಲ್ಲೇ ಸಹಿಯೊಡನೆ ಬರೆಸಿಕೊಳ್ಳಬೇಕು. ಈ ಓದನ್ನು ಬಲ್ಲ ಹಿರಿಯರು ಇನ್ನೂ ಕಚೇರಿಗಳ ಆಸುಪಾಸಿನಲ್ಲಿ ಇರುವಾಗಲೇ ಅವರಿಂದ ಕಿರಿಯರಿಗೆ ಕಲಿಸುವ ಏರ್ಪಾಡನ್ನು ಸರ್ಕಾರ ಮಾಡಬೇಕು. ತಡವಾದರೆ ದಾಖಲೆಯೆಲ್ಲ ಕೈಗೆ ಸಿಕ್ಕರೂ ಅದನ್ನು ಓದಬಲ್ಲವರು ಸಿಗುವುದಿಲ್ಲ.