ಹೆಸರು ಬದಲಾದ್ರೂ ಬಾಯಿ ಬದಲಾಗಿಲ್ಲ

ನಮ್ಮ ದೊಡ್ಡಬಳ್ಳಾಪುರದ ಕಡೆ ಮಕ್ಕಳು ಹಟ ಮಾಡಿದ್ರೆ "ನಿಮಾನ್ಸ್‌ಗೆ ಸೇರಿಸ್ತೀನಿ ನೋಡು" ಅಂತ ಈಗಲೂ ಅಂತೀವಿ. ಆ ಮಾತಿನ ಭಯಕ್ಕೇ ನಮ್ಮ ಚಿಕ್ಕಮ್ಮ ಬಾಣಂತನದಲ್ಲಿ ನಿದ್ದೆಯಿಲ್ಲದೆ ಅಳ್ತಾ ಕೂತಾಗ ಎರಡು ತಿಂಗಳು ದೇವಸ್ಥಾನ, ತಾಯತ ಅಂತ ಅಲೆದ್ವಿ. ಕೊನೆಗೆ ಹೊಸೂರು ರಸ್ತೆಗೇ ಕರ್ಕೊಂಡು ಹೋದ್ವಿ.

ಆ ಆಸ್ಪತ್ರೆಗೊಂದು ಕತೆ ಐತೆ ಕಣ್ರೀ. 1847ರಲ್ಲಿ ಬೆಂಗಳೂರು ಪೇಟೆಯಲ್ಲಿ ಬ್ರಿಟಿಷರು ಶುರು ಮಾಡಿದ್ದು 'ಲುನಾಟಿಕ್ ಅಸೈಲಂ', ಅಂದ್ರೆ ಹುಚ್ಚರನ್ನ ಕೂಡಿಡೋ ಜಾಗ. 1925ರಲ್ಲಿ ಮೈಸೂರು ಸಂಸ್ಥಾನ ಆ ಹೆಸರು ತೆಗೆದು 'ಮೆಂಟಲ್ ಹಾಸ್ಪಿಟಲ್' ಅಂತ ಮಾಡ್ತು. 1930ರ ದಶಕದಲ್ಲಿ, ಡಾ. ಫ್ರಾಂಕ್ ನೊರೋನ್ಹಾ ಅವರ ಕಾಲದಲ್ಲಿ, ಒತ್ತೊತ್ತಾದ ಪೇಟೆ ಬಿಟ್ಟು ಲಾಲ್‌ಬಾಗಿನಾಚೆಯ ಬಯಲಿಗೆ ಬಂತು. ಬಿಡಿಬಿಡಿ ವಾರ್ಡು, ಸುತ್ತ ಮರ, ಗಾಳಿ, ಬೆಳಕು. 1954ರಲ್ಲಿ ಡಾಕ್ಟರುಗಳಿಗೆ ಕಲಿಸೋ ಸಂಸ್ಥೆನೂ ಜೊತೆಗೆ ಬಂತು. ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯ್ತು.

ಮನೆಯವರೂ ರೋಗಿ ಜೊತೆ ಉಳ್ಕೊಳ್ಳೋ ವಾರ್ಡು ಅಲ್ಲೈತೆ. ನಮ್ಮಜ್ಜಿ ಅಲ್ಲೇ ಉಳ್ಕೊಂಡ್ರು. ಈಗ ಚಿಕ್ಕಮ್ಮ ದಿನಾ ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸ್ತಾಳೆ.

ಸರ್ಕಾರ ಹೆಸರು ಬದಲಾಯಿಸಿ ನೂರು ವರ್ಷ ಆಯ್ತು. ಮಕ್ಕಳನ್ನ ಹೆದರಿಸೋ ಆ ಮಾತನ್ನ ನಾವೂ ಬಿಡೋಣ. ಆ ಎರಡು ತಿಂಗಳು ಇನ್ಯಾವ ಬಾಣಂತಿಗೂ ಬೇಡ.