ಮನೆತನದ ಪೀಠಗಳು: ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರ ನೇಮಕ ಮತ್ತು ನೆಂಟಸ್ತಿಕೆಯ ಚರಿತ್ರೆ

ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಗಣಿತ ಪೀಠ 1687ರಿಂದ 1790ರವರೆಗೆ, ಅಂದರೆ 103 ವರ್ಷಗಳ ಕಾಲ, ಬರ್ನೂಲಿ ಎಂಬ ಒಂದೇ ಮನೆತನದ ಕೈಯಲ್ಲಿತ್ತು. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರದ ಪೀಠವನ್ನು 1720ರಿಂದ 1846ರವರೆಗೆ ತಂದೆ, ಮಗ, ಮೊಮ್ಮಗ ಹೀಗೆ ಮನ್ರೊ ಮನೆತನದ ಮೂವರು ಅಲೆಕ್ಸಾಂಡರರು ಅನುಭವಿಸಿದರು. ಇಲ್ಲಿ ಪೀಠವೆಂದರೆ ಒಂದು ಶಾಸ್ತ್ರವನ್ನು ಬೋಧಿಸಲು ಗೊತ್ತುಪಡಿಸಿದ, ತನ್ನದೇ ವರಮಾನವುಳ್ಳ, ಸಾಮಾನ್ಯವಾಗಿ ಜೀವಾವಧಿಯವರೆಗೆ ನಡೆಯುವ ಪ್ರಾಧ್ಯಾಪಕ ಹುದ್ದೆ. ಈ ಎರಡೂ ಪೀಠಗಳು ಯಾರ ಸ್ವಂತ ಸ್ವತ್ತೂ ಆಗಿರಲಿಲ್ಲ. ಒಂದು ನಗರರಾಜ್ಯದ ಸಂಸ್ಥೆಗೆ ಸೇರಿದ್ದರೆ ಇನ್ನೊಂದರ ನೇಮಕ ಎಡಿನ್‌ಬರೋ ನಗರಸಭೆಯ ಅಧಿಕಾರಕ್ಕೆ ಒಳಪಟ್ಟಿತ್ತು. ಹಾಗಿದ್ದೂ ಸಾರ್ವಜನಿಕ ಹುದ್ದೆಯೊಂದು ಪಿತ್ರಾರ್ಜಿತ ಆಸ್ತಿಯಂತೆ ಕೈಯಿಂದ ಕೈಗೆ ದಾಟಿದ್ದು ಹೇಗೆ, ಅದನ್ನು ತಡೆಯಲು ಆಯಾ ಕಾಲದವರು ಹೂಡಿದ ಉಪಾಯಗಳು ಯಾರಿಗೆ ನ್ಯಾಯವನ್ನೂ ಯಾರಿಗೆ ಅನ್ಯಾಯವನ್ನೂ ತಂದವು ಎಂಬುದು ವಿದ್ಯಾಸಂಸ್ಥೆಗಳ ಚರಿತ್ರೆಯಲ್ಲಿ ಇನ್ನೂ ತೀರದ ಪ್ರಶ್ನೆಯಾಗಿದೆ.

ಮಧ್ಯಯುಗದ ಯುರೋಪಿನಲ್ಲಿ ಬೋಧಕರಲ್ಲಿ ಹೆಚ್ಚಿನವರು ಚರ್ಚಿನ ಶಿಸ್ತಿಗೆ ಒಳಪಟ್ಟ ಅವಿವಾಹಿತರಾಗಿದ್ದರು. ಪ್ಯಾರಿಸ್ಸಿನ ವೈದ್ಯಕೀಯ ಬೋಧಕರಿಗೆ ಮದುವೆಯಾಗಲು ಅನುಮತಿ ದೊರೆತದ್ದೇ 1452ರ ಸುಧಾರಣೆಯಲ್ಲಿ. ಹದಿನಾರನೆಯ ಶತಮಾನದ ಪ್ರಾಟೆಸ್ಟೆಂಟ್ ಸುಧಾರಣೆಯ ನಂತರ ಉತ್ತರ ಯುರೋಪಿನ ಪ್ರಾಧ್ಯಾಪಕರು ಸಂಸಾರಸ್ಥರಾದರು ಮತ್ತು ಬೋಧನೆಯ ಕಸುಬು ಮನೆಯೊಳಕ್ಕೆ ಬಂದಿತು. ಪ್ರಾಧ್ಯಾಪಕನ ಮನೆಯಲ್ಲಿಯೇ ವಿದ್ಯಾರ್ಥಿಗಳು ಹಣ ಕೊಟ್ಟು ಊಟ ವಸತಿ ಪಡೆಯುತ್ತಿದ್ದರು, ಪಾಠಗಳಲ್ಲಿ ಹಲವು ಅಲ್ಲಿಯೇ ನಡೆಯುತ್ತಿದ್ದವು, ಶಾಸ್ತ್ರಕ್ಕೆ ಬೇಕಾದ ಗ್ರಂಥಗಳೂ ಉಪಕರಣಗಳೂ ಅವನ ಸ್ವಂತ ಸಂಗ್ರಹದಲ್ಲಿರುತ್ತಿದ್ದವು. ಅವನು ತೀರಿಕೊಂಡರೆ ವಿಧವೆಗೆ ಕರುಣೆಯ ವರ್ಷವೆಂಬ ಹೆಸರಿನಲ್ಲಿ ಕೆಲವು ಕಾಲ ವೇತನ ಸಲ್ಲುತ್ತಿತ್ತು. ಆ ಗಡುವು ಮುಗಿದ ಮೇಲೆ ಮಗನೋ ಅಳಿಯನೋ ಅದೇ ಪೀಠಕ್ಕೆ ಬಂದರೆ ಮನೆ, ಗ್ರಂಥಭಂಡಾರ, ವಿದ್ಯಾರ್ಥಿಗಳ ಪಂಕ್ತಿ ಎಲ್ಲವೂ ಕದಲದೆ ಉಳಿಯುತ್ತಿದ್ದವು. ಆದ್ದರಿಂದ ಸಹೋದ್ಯೋಗಿಯ ಮಗನಿಗೆ ಮತ ನೀಡುವುದು ಆ ಕಾಲದ ಪ್ರಾಧ್ಯಾಪಕ ಮಂಡಲಿಯವರಿಗೆ ತಪ್ಪೆನಿಸಲಿಲ್ಲ. ಸತ್ತವನ ಸಂಸಾರವನ್ನು ಕೈಬಿಡದ ಧರ್ಮವಾಗಿಯೇ ಅದು ಕಂಡಿರಬೇಕು. ಸ್ವಜನಪಕ್ಷಪಾತದ ಬೇರು ಕೆಲವರ ಲೋಭದಲ್ಲಿ ಮಾತ್ರ ಇರಲಿಲ್ಲ, ಜೀವನಾಧಾರವನ್ನು ಕಟ್ಟಿದ್ದ ಕ್ರಮದಲ್ಲಿಯೇ ಇತ್ತು ಎಂಬುದನ್ನು ಮರೆತರೆ ಈ ಚರಿತ್ರೆಯು ದುಷ್ಟರ ಕಥೆಯಾಗಿ ಕುಗ್ಗುತ್ತದೆ.

ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಈ ಕ್ರಮವು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ ಪ್ರಾಧ್ಯಾಪಕರಿಗೆ ವೇತನದ ರೂಪದಲ್ಲಿ ವಿಶ್ವವಿದ್ಯಾಲಯದ ಜಮೀನುಗಳ ಉತ್ಪತ್ತಿಯಲ್ಲಿ ಪಾಲು ಸಲ್ಲುತ್ತಿತ್ತು. ಅಗ್ರಹಾರಗಳ ವೃತ್ತಿಯ ಪರಿಚಯವುಳ್ಳ ಕನ್ನಡ ಓದುಗರಿಗೆ ಇದು ತೀರ ಅಪರಿಚಿತವೆನಿಸದು. ಗಣಿತಜ್ಞನೂ ವೈದ್ಯನೂ ಆಗಿದ್ದ ಟಾಮಸ್ ಫಿಂಕೆ (1561–1656) 1591ರಲ್ಲಿ ಅಲ್ಲಿ ಪ್ರಾಧ್ಯಾಪಕನಾದನು; ಅವನ ಒಬ್ಬ ಮಗಳನ್ನು ಕ್ಯಾಸ್ಪರ್ ಬಾರ್ಥೋಲಿನ್ ಮದುವೆಯಾದನು, ಇನ್ನೊಬ್ಬಳನ್ನು ಓಲೆ ವೊರ್ಮ್ ಮದುವೆಯಾದನು, ಇಬ್ಬರು ಅಳಿಯಂದಿರೂ ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಕ್ಯಾಸ್ಪರನು 1624ರಲ್ಲಿ ವೈದ್ಯಶಾಸ್ತ್ರವನ್ನು ಬಿಟ್ಟು ದೇವತಾಶಾಸ್ತ್ರದ ಪೀಠಕ್ಕೆ ಹೋದಾಗ ವೈದ್ಯಪೀಠವು ಷಡ್ಡಕನಾದ ವೊರ್ಮ್‌ಗೆ ಬಂದಿತು. ಕ್ಯಾಸ್ಪರನ ಮಕ್ಕಳಾದ ಟಾಮಸ್ ಮತ್ತು ರಾಸ್ಮುಸ್ ಇಬ್ಬರೂ ಪ್ರಾಧ್ಯಾಪಕರಾದರು. ಬೆಳಕಿನ ವೇಗಕ್ಕೆ ಮಿತಿಯಿದೆಯೆಂದು 1676ರಲ್ಲಿ ತೋರಿಸಿಕೊಟ್ಟ ಓಲೆ ರೋಮರ್ ರಾಸ್ಮುಸನ ಶಿಷ್ಯನೂ ಆಗಿದ್ದನು, ಮುಂದೆ ಅಳಿಯನೂ ಆದನು. ಟಾಮಸ್ ಬಾರ್ಥೋಲಿನನು ಮಾನವ ದೇಹದ ದುಗ್ಧರಸ ನಾಳಗಳನ್ನು ವಿವರಿಸಿದವನು, ರಾಸ್ಮುಸನು ಒಂದು ಬಗೆಯ ಸ್ಫಟಿಕದಲ್ಲಿ ಬೆಳಕಿನ ಕಿರಣವು ಎರಡಾಗಿ ಬಾಗುವುದನ್ನು 1669ರಲ್ಲಿ ಪ್ರಕಟಿಸಿದವನು. ಹೀಗಿರುವಾಗ ಈ ಬಂಧುಬಳಗವನ್ನು ಅಯೋಗ್ಯರ ಕೂಟವೆಂದು ತಳ್ಳಿಹಾಕುವಂತಿಲ್ಲ. ಆದರೆ ಫಿಂಕೆಯ ಮನೆಯ ಬಾಗಿಲನ್ನು ದಾಟಲಾರದ ಎಷ್ಟು ಯೋಗ್ಯರು ಹೊರಗುಳಿದರೆಂಬ ಲೆಕ್ಕವನ್ನು ಯಾವ ದಾಖಲೆಯೂ ಇಟ್ಟುಕೊಳ್ಳುವುದಿಲ್ಲ.

ಅವಿವಾಹಿತರ ನಿಯಮವು ಉಳಿದಿದ್ದ ಕಡೆಯೂ ರಕ್ತಸಂಬಂಧವು ಬೇರೆ ದಾರಿಯಿಂದ ಒಳಬಂದಿತು. ಆಕ್ಸ್‌ಫರ್ಡಿನ ನ್ಯೂ ಕಾಲೇಜು, ಆಲ್ ಸೋಲ್ಸ್ ಕಾಲೇಜುಗಳಲ್ಲಿ ಸಂಸ್ಥಾಪಕನ ಬಂಧುಗಳೆಂದು ವಂಶಾವಳಿಯಿಂದ ಸಾಧಿಸಿದವರಿಗೆ ಫೆಲೋ ಸ್ಥಾನದಲ್ಲಿ, ಅಂದರೆ ಕಾಲೇಜಿನ ವರಮಾನದಲ್ಲಿ ಪಾಲುಳ್ಳ ವಿದ್ವಾಂಸ ಸದಸ್ಯತ್ವದಲ್ಲಿ, ಆದ್ಯತೆ ಇತ್ತು. ಆಲ್ ಸೋಲ್ಸ್ ಸ್ಥಾಪನೆಯಾದದ್ದು 1438ರಲ್ಲಿ. ಮೂರು ಶತಮಾನಗಳ ನಂತರವೂ ಇಂಥ ಹಕ್ಕುದಾರಿಕೆಗಳು ಎಷ್ಟು ಹೆಚ್ಚಿದ್ದವೆಂದರೆ, ಅಲ್ಲಿಯ ಫೆಲೋ ಆಗಿದ್ದ ನ್ಯಾಯಶಾಸ್ತ್ರಜ್ಞ ವಿಲಿಯಂ ಬ್ಲ್ಯಾಕ್‌ಸ್ಟನ್ 1750ರಲ್ಲಿ ದಾಯಾದಿ ಸಂಬಂಧದ ಮಿತಿಯನ್ನು ಕುರಿತೇ ಒಂದು ಪ್ರಬಂಧವನ್ನು ಬರೆಯಬೇಕಾಯಿತು. ಈ ಹಕ್ಕು ಕೊನೆಗೊಂಡದ್ದು 1850ರ ದಶಕದ ಸುಧಾರಣೆಗಳಲ್ಲಿ.

ಬಾಸೆಲ್ ನಗರದಲ್ಲಿ ಈ ಪ್ರಶ್ನೆ ವಿಶ್ವವಿದ್ಯಾಲಯದ ಗೋಡೆಗಳೊಳಗೆ ಮಾತ್ರ ಉಳಿಯಲಿಲ್ಲ. 1460ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯದ ಪೀಠಗಳು ಬಹುಮಟ್ಟಿಗೆ ಊರಿನ ಪೌರರಿಗೇ ಮೀಸಲಾಗಿದ್ದವು, ಆ ಊರಿನ ಆಡಳಿತವು ಬುರ್ಕ್‌ಹಾರ್ಟ್, ಸೋಸಿನ್ ಮುಂತಾದ ಕೆಲವು ಸಿರಿವಂತ ಮನೆತನಗಳ ಹಿಡಿತದಲ್ಲಿತ್ತು. 1691ರಲ್ಲಿ ಪೌರರು ಈ ಹಿಡಿತದ ವಿರುದ್ಧ ದಂಗೆಯೆದ್ದರು. ದಂಗೆಯು ಮುರಿದುಬಿದ್ದು, ಅದರ ಮುಂದಾಳುಗಳಲ್ಲಿ ಒಬ್ಬನಾಗಿದ್ದ, ಕೂಡಿಕೊಂಡು ಹುಟ್ಟಿದ ಅವಳಿ ಶಿಶುಗಳನ್ನು ಶಸ್ತ್ರಚಿಕಿತ್ಸೆಯಿಂದ ಬೇರ್ಪಡಿಸಿ ಹೆಸರಾಗಿದ್ದ ವೈದ್ಯ ಯೋಹಾನೆಸ್ ಫಾಟಿಯೊ ಮರಣದಂಡನೆಗೆ ಗುರಿಯಾದನು. ಆದರೆ ದೂರು ಸಾಯಲಿಲ್ಲ. ಒಳಸಂಚು, ಲಂಚ, ನೆಂಟಸ್ತಿಕೆಗಳನ್ನು ತಡೆಯುವ ಉದ್ದೇಶದಿಂದ 1718ರಲ್ಲಿ ನಗರದ ಹುದ್ದೆಗಳಿಗೂ ವಿಶ್ವವಿದ್ಯಾಲಯದ ಪೀಠಗಳಿಗೂ ಚೀಟಿ ಎತ್ತುವ ಪದ್ಧತಿ ಜಾರಿಗೆ ಬಂದಿತು: ಅರ್ಜಿದಾರರಲ್ಲಿ ಮೊದಲು ಮೂವರನ್ನು ಆರಿಸುವುದು, ಬಳಿಕ ಆ ಮೂವರಲ್ಲಿ ಒಬ್ಬನನ್ನು ಚೀಟಿಯಿಂದ ನಿರ್ಧರಿಸುವುದು.

ಇಂಥ ಉಪಾಯವು ದಕ್ಷಿಣ ಭಾರತಕ್ಕೆ ಹೊಸದಲ್ಲ. ತಮಿಳುನಾಡಿನ ಉತ್ತರಮೇರೂರಿನ ಹತ್ತನೆಯ ಶತಮಾನದ ಚೋಳ ಶಾಸನಗಳು ಗ್ರಾಮಸಭೆಯ ಸಮಿತಿಗಳಿಗೆ ಓಲೆಯ ಚೀಟಿಗಳನ್ನು ಕೊಡದಲ್ಲಿ ಹಾಕಿ ಬಾಲಕನೊಬ್ಬನಿಂದ ಎತ್ತಿಸುವ ಕ್ರಮವನ್ನು ವಿಧಿಸುತ್ತವೆ. ಆದರೆ ಅಲ್ಲಿ ಆಸ್ತಿ, ವಯಸ್ಸು, ವಿದ್ಯೆಗಳ ಅರ್ಹತೆಯನ್ನು ಮೊದಲೇ ಗೊತ್ತುಮಾಡಿತ್ತು, ಲೆಕ್ಕ ಒಪ್ಪಿಸದವರನ್ನು ಅವರ ಬಂಧುಗಳ ಸಮೇತ ಹೊರಗಿಟ್ಟಿತ್ತು. ಬಾಸೆಲ್ಲಿನ ಪದ್ಧತಿಯಲ್ಲಿ ಮೊದಲ ಹಂತದ ಮೂವರನ್ನು ಆರಿಸುವ ಅಧಿಕಾರವು ಹಳೆಯ ಕೈಗಳಲ್ಲಿಯೇ ಉಳಿಯಿತು.

ಚೀಟಿಯು ಯಾರ ಮನೆತನವನ್ನೂ ಕೇಳುವುದಿಲ್ಲ ನಿಜ, ಆದರೆ ಯಾರ ವಿದ್ಯೆಯನ್ನೂ ಕೇಳುವುದಿಲ್ಲ. 1722ರಲ್ಲಿ ನೀತಿಶಾಸ್ತ್ರ ಮತ್ತು ನೈಸರ್ಗಿಕ ನ್ಯಾಯದ ಪೀಠ ದೊರೆತದ್ದು ಆಗ ಊರಲ್ಲಿಯೇ ಇಲ್ಲದ ಗಣಿತಜ್ಞ ಯಾಕೋಬ್ ಹೆರ್ಮನ್‌ಗೆ. ಅವನು ಆ ಪೀಠವನ್ನು ಅಲಂಕರಿಸಲು ಊರಿಗೆ ಮರಳಿದ್ದು 1731ರಲ್ಲಿ, ಎರಡು ವರ್ಷಗಳಲ್ಲಿ ತೀರಿಕೊಂಡನು. ಆಗ ಗಣಿತ ಪೀಠದಲ್ಲಿದ್ದ ಯೋಹಾನ್ ಬರ್ನೂಲಿಯ ಮಗ ಡೇನಿಯಲ್ ಅಂಗರಚನಾಶಾಸ್ತ್ರಕ್ಕೂ ತರ್ಕಶಾಸ್ತ್ರಕ್ಕೂ ಅರ್ಜಿ ಹಾಕಿ ಎರಡು ಸಲವೂ ಚೀಟಿಯಲ್ಲಿ ಸೋತು, 1725ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಗೆ ಹೋದನು. 1733ರಲ್ಲಿ ಕಡೆಗೂ ಬಾಸೆಲ್ಲಿನಲ್ಲಿ ಸ್ಥಾನ ಸಿಕ್ಕಾಗ ಅದು ಅಂಗರಚನೆ ಮತ್ತು ಸಸ್ಯಶಾಸ್ತ್ರದ ಪೀಠವಾಗಿತ್ತು. ದ್ರವಗಳ ಚಲನೆಯನ್ನು ಕುರಿತ ತನ್ನ ಮಹಾಗ್ರಂಥವನ್ನು 1738ರಲ್ಲಿ ಪ್ರಕಟಿಸಿದ ಈ ವಿದ್ವಾಂಸನು ಭೌತಶಾಸ್ತ್ರದ ಪೀಠಕ್ಕೆ ಬರಲು 1750ರವರೆಗೆ ಕಾಯಬೇಕಾಯಿತು. ತೆರವಾದದ್ದು ಯಾವ ಪೀಠವೇ ಇರಲಿ ಅದಕ್ಕೆ ಅರ್ಜಿ ಹಾಕಿ, ಒಳಗೆ ಸೇರಿದ ಮೇಲೆ ತನ್ನ ಶಾಸ್ತ್ರದ ಕಡೆಗೆ ಸರಿಯುವುದು ಆ ಊರಿನ ರೂಢಿಯಾಯಿತು.

ಲೆಯೊನಾರ್ಡ್ ಆಯ್ಲರನ ಪ್ರಸಂಗ ಇನ್ನೂ ಹೆಚ್ಚು ಬೋಧಪ್ರದವಾದದ್ದು. ಪಾದ್ರಿಯ ಮಗನಾದ ಅವನು ಯೋಹಾನ್ ಬರ್ನೂಲಿಯ ಶಿಷ್ಯ. 1727ರಲ್ಲಿ ಭೌತಶಾಸ್ತ್ರದ ಪೀಠ ತೆರವಾದಾಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಶಬ್ದವನ್ನು ಕುರಿತು ಪ್ರಬಂಧ ಬರೆದು ಅರ್ಜಿ ಸಲ್ಲಿಸಿದನು, ಆದರೆ ಚೀಟಿಗೆ ಹೋಗುವ ಹೆಸರುಗಳಲ್ಲಿಯೇ ಅವನ ಹೆಸರು ಸೇರಲಿಲ್ಲ, ಪೀಠವು ಬೆನೆಡಿಕ್ಟ್ ಷ್ಟೇಲಿನ್‌ಗೆ ಸಂದಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಊರು ಬಿಟ್ಟ ಆಯ್ಲರನು ಡೇನಿಯಲ್ಲನಿದ್ದ ಪೀಟರ್ಸ್‌ಬರ್ಗಿಗೆ ಹೋದನು ಮತ್ತು ಆ ಶತಮಾನದ ಅತಿ ದೊಡ್ಡ ಗಣಿತಜ್ಞನು ತನ್ನ ಹುಟ್ಟೂರಿನಲ್ಲಿ ಒಂದು ದಿನವೂ ಪ್ರಾಧ್ಯಾಪಕನಾಗಲಿಲ್ಲ. ಇತ್ತ ಬರ್ನೂಲಿಗಳ ಗಣಿತ ಪೀಠ ಅಣ್ಣನಾದ ಯಾಕೋಬನಿಂದ 1705ರಲ್ಲಿ ತಮ್ಮನಾದ ಯೋಹಾನನಿಗೂ, ಚೀಟಿಯ ಕಾಲದಲ್ಲಿಯೇ 1748ರಲ್ಲಿ ಅವನ ಮಗನಾದ ಎರಡನೆಯ ಯೋಹಾನನಿಗೂ ಬಂದಿತು. ಅದೃಷ್ಟವನ್ನು ಗಣಿತದ ಹಿಡಿತಕ್ಕೆ ತಂದ, ಸಂಭವನೀಯತೆಯ ಶಾಸ್ತ್ರಕ್ಕೆ ತಳಹದಿಯಾದ ಯಾಕೋಬನ ಗ್ರಂಥ ಅಚ್ಚಾದದ್ದು 1713ರಲ್ಲಿ. ಐದೇ ವರ್ಷಗಳಲ್ಲಿ ಅವನ ಊರು ತನ್ನ ವಿದ್ವಾಂಸರನ್ನು ಅದೃಷ್ಟಕ್ಕೆ ಒಪ್ಪಿಸಿತು. ಹಾಗೆಂದು ಚೀಟಿಯು ಆ ಮನೆತನಕ್ಕೆ ಸದಾ ಒಲಿಯಲಿಲ್ಲ: ಮುಪ್ಪಿನ ಡೇನಿಯಲ್ಲನ ಪರವಾಗಿ ಪಾಠ ಹೇಳುತ್ತಿದ್ದ ತಮ್ಮನ ಮಗ ಎರಡನೆಯ ಯಾಕೋಬನು 1782ರಲ್ಲಿ ಆ ಪೀಠವನ್ನು ಪಡೆಯಲಾರದೆ ಹೊರದೇಶಕ್ಕೆ ಹೋದನು, ಪೀಟರ್ಸ್‌ಬರ್ಗಿನಲ್ಲಿ ಆಯ್ಲರನ ಮೊಮ್ಮಗಳನ್ನು ಮದುವೆಯಾದನು, 1789ರಲ್ಲಿ ನೇವಾ ನದಿಯಲ್ಲಿ ಮುಳುಗಿ ಸತ್ತನು. ತಪ್ಪು ಮಾಡುವ ಶಕ್ತಿಯನ್ನು ಆಯ್ಕೆದಾರರಿಂದ ಕಿತ್ತುಕೊಳ್ಳಹೋದ ಬಾಸೆಲ್, ಸರಿಯಾದುದನ್ನು ಆರಿಸುವ ಶಕ್ತಿಯನ್ನೂ ಜೊತೆಗೆ ಕಳೆದುಕೊಂಡಿತು.

ಎಡಿನ್‌ಬರೋದಲ್ಲಿ ಅಂಥ ತಡೆಯೇ ಇರಲಿಲ್ಲ. ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದ ಜಾನ್ ಮನ್ರೊ ಊರಿನಲ್ಲಿ ವೈದ್ಯಶಾಲೆಯನ್ನು ಕಟ್ಟುವ ಹಂಬಲದಿಂದ ಮಗನನ್ನು ಹೊರದೇಶಗಳಲ್ಲಿ ಓದಿಸಿ ತಯಾರು ಮಾಡಿದನು. ಆ ಮಗ, ಮೊದಲನೆಯ ಅಲೆಕ್ಸಾಂಡರ್, 1720ರಲ್ಲಿ ನಗರಸಭೆಯಿಂದ ನೇಮಕಗೊಂಡು ಯುರೋಪಿನ ವಿದ್ಯಾರ್ಥಿಗಳನ್ನು ಸೆಳೆಯುವ ಬೋಧಕನಾದನು. 1754ರಲ್ಲಿ ಇಪ್ಪತ್ತೊಂದು ವರ್ಷದ ಮಗನು ತಂದೆಯೊಡನೆ ಜಂಟಿ ಪ್ರಾಧ್ಯಾಪಕನಾದನು. ಈ ಎರಡನೆಯವನ ಪಾಂಡಿತ್ಯ ತಂದೆಯದಕ್ಕಿಂತ ದೊಡ್ಡದೆಂದು ಹೇಳುವವರುಂಟು. ಆದರೆ ಮನೆತನದ ಪೀಠಕ್ಕೆ ತನ್ನ ಎಲ್ಲೆಯನ್ನು ಕಾಯ್ದುಕೊಳ್ಳುವ ಸ್ವಭಾವವಿರುತ್ತದೆ. 1777ರಲ್ಲಿ ಶಸ್ತ್ರವೈದ್ಯರ ಸಂಘವು ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ಪೀಠ ಬೇಕೆಂದು ಕೇಳಿದಾಗ, ತಾನು ಶಸ್ತ್ರಕ್ರಿಯೆ ಮಾಡುವ ವೈದ್ಯನಲ್ಲದಿದ್ದರೂ ಎರಡನೆಯ ಮನ್ರೊ ಅದನ್ನು ವಿರೋಧಿಸಿ ಆ ವಿಷಯವನ್ನು ತನ್ನ ಪೀಠಕ್ಕೇ ಸೇರಿಸಿಕೊಂಡನು. ಪ್ರತ್ಯೇಕ ಪೀಠವಾದದ್ದು 1831ರಲ್ಲಿ. 1798ರಿಂದ ಜಂಟಿಯಾಗಿ ಸೇರಿದ್ದ ಮೂರನೆಯವನ ಕಾಲಕ್ಕೆ ವಿದ್ಯಾರ್ಥಿಗಳು ಹಣ ಕೊಟ್ಟು ಹೊರಗಿನ ಖಾಸಗಿ ಶಾಲೆಗಳಲ್ಲಿ, ಜಾನ್ ಬಾರ್ಕ್ಲೆ, ರಾಬರ್ಟ್ ನಾಕ್ಸ್ ಮುಂತಾದವರ ಬಳಿ, ಅಂಗರಚನೆ ಕಲಿಯತೊಡಗಿದರು. ಅವನು ಅಜ್ಜನ ಟಿಪ್ಪಣಿಗಳನ್ನೇ ತರಗತಿಯಲ್ಲಿ ಓದುತ್ತಿದ್ದನೆಂಬ ಮಾತು ಉಳಿದುಬಂದಿದೆ. 1825ರಲ್ಲಿ ಅಲ್ಲಿಗೆ ವೈದ್ಯಕೀಯ ಓದಲು ಬಂದ ಚಾರ್ಲ್ಸ್ ಡಾರ್ವಿನ್ ಆ ಪಾಠಗಳ ನೀರಸತೆಯನ್ನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಸಾರ್ವಜನಿಕ ಸಂಸ್ಥೆಯಲ್ಲಿ ಶುಲ್ಕ ಕಟ್ಟಿ ಹೊರಗೆ ಮತ್ತೆ ಶುಲ್ಕ ಕಟ್ಟಿ ಕಲಿತ ಆ ವಿದ್ಯಾರ್ಥಿಗಳೇ ನೆಂಟಸ್ತಿಕೆಯ ಬೆಲೆಯನ್ನು ತೆತ್ತವರು. 1858ರ ಕಾಯಿದೆಯು ನೇಮಕದ ಅಧಿಕಾರವನ್ನು ನಗರಸಭೆಯೊಂದರಿಂದಲೇ ತೆಗೆದು, ವಿಶ್ವವಿದ್ಯಾಲಯದ ಪ್ರತಿನಿಧಿಗಳೂ ಸೇರಿದ ಮಂಡಲಿಗೆ ವಹಿಸಿತು.

ಜರ್ಮನಿಯ ಗಟ್ಟಿಂಗೆನ್ ಬೇರೊಂದು ದಾರಿಯನ್ನು ಹಿಡಿದಿತ್ತು. 1737ರಲ್ಲಿ ಉದ್ಘಾಟನೆಯಾದ ಆ ವಿಶ್ವವಿದ್ಯಾಲಯದ ಮೇಲ್ವಿಚಾರಕ ಸಚಿವ ಮುಂಕ್‌ಹೌಸನ್, ಪ್ರಾಧ್ಯಾಪಕರು ತಮ್ಮ ಸಹೋದ್ಯೋಗಿಗಳನ್ನು ತಾವೇ ಆರಿಸಿಕೊಂಡರೆ ನೆಂಟಸ್ತಿಕೆಯೂ ಮತ್ಸರವೂ ತಪ್ಪವೆಂದು ಬಗೆದು, ಪ್ರಕಟಿತ ಗ್ರಂಥಗಳನ್ನೂ ಹೊರಗಿನ ಕೀರ್ತಿಯನ್ನೂ ನೋಡಿ ಸರ್ಕಾರದಿಂದಲೇ ನೇಮಕ ಮಾಡಿಸಿದನು. ಬರ್ಲಿನ್ ವಿಶ್ವವಿದ್ಯಾಲಯವನ್ನು 1810ರಲ್ಲಿ ರೂಪಿಸಿದ ಹುಂಬೋಲ್ಟ್ ಕೂಡ, ವಿದ್ಯಾಸ್ವಾತಂತ್ರ್ಯದ ಪ್ರತಿಪಾದಕನಾಗಿದ್ದರೂ, ಪ್ರಾಧ್ಯಾಪಕರ ನೇಮಕವು ರಾಜ್ಯದ ಕೈಯಲ್ಲಿರಬೇಕೆಂದನು. ಫ್ರಾನ್ಸಿನಲ್ಲಿ ಜೆಸುಯಿಟ್ ಪಾದ್ರಿಗಳ ಶಾಲೆಗಳು ಮುಚ್ಚಿದ ಮೇಲೆ, 1766ರಲ್ಲಿ ಅಧ್ಯಾಪಕರ ಆಯ್ಕೆಗೆಂದೇ ಸ್ಪರ್ಧಾ ಪರೀಕ್ಷೆಯನ್ನು ಏರ್ಪಡಿಸಲಾಯಿತು. ದೂರದ ಸಚಿವನಿಗೆ ಊರಿನ ನೆಂಟರಿಲ್ಲದಿದ್ದರೂ ಅರಮನೆಯ ಒಲವುಗಳಿರುತ್ತವೆ. ಆದರೂ ಅಭ್ಯರ್ಥಿಯ ಕೆಲಸವನ್ನೇ ತೂಗುವ ಮಾತು ಸರ್ಕಾರಿ ನೇಮಕ, ಸ್ಪರ್ಧಾ ಪರೀಕ್ಷೆ ಎಂಬ ಈ ಎರಡು ಕ್ರಮಗಳಲ್ಲಿ ನಿಯಮವಾಗಿ ನಿಂತಿತು.

ಇಪ್ಪತ್ತನೆಯ ಶತಮಾನದ ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಸ್ವಜನಪಕ್ಷಪಾತವನ್ನು ಅಳಿಸಲು, ಒಂದೇ ಕುಟುಂಬದ ಇಬ್ಬರಿಗೆ ಒಂದೇ ಸಂಸ್ಥೆಯಲ್ಲಿ ಕೆಲಸ ಕೊಡಬಾರದೆಂಬ ನಿಯಮಗಳನ್ನು ಮಾಡಿಕೊಂಡವು. ನಿಯಮದ ಮಾತಿನಲ್ಲಿ ಗಂಡು ಹೆಣ್ಣೆಂಬ ಭೇದವಿರಲಿಲ್ಲ, ಹೊರಗುಳಿದವರು ಮಾತ್ರ ಹೆಚ್ಚುಕಡಿಮೆ ಎಲ್ಲರೂ ಹೆಂಡತಿಯರು. ಭೌತವಿಜ್ಞಾನಿ ಮರಿಯಾ ಗೋಪರ್ಟ್ ಮೇಯರ್, ಪತಿಯು ಪ್ರಾಧ್ಯಾಪಕರಾಗಿದ್ದ ಜಾನ್ಸ್ ಹಾಪ್ಕಿನ್ಸ್ ಮತ್ತು ಷಿಕಾಗೊ ವಿಶ್ವವಿದ್ಯಾಲಯಗಳಲ್ಲಿ ವೇತನವಿಲ್ಲದೆಯೋ ಹೆಸರಿಗಷ್ಟೇ ವೇತನ ಪಡೆದೋ ಸಂಶೋಧನೆ ಮತ್ತು ಬೋಧನೆ ನಡೆಸಿದರು. ಪರಮಾಣು ಬೀಜದ ರಚನೆಯನ್ನು ಕುರಿತ ಅವರ ಸಿದ್ಧಾಂತ ಆ ಕಾಲದ್ದೇ. ಪೂರ್ಣ ವೇತನದ ಪ್ರಾಧ್ಯಾಪಕಿಯಾಗಿ ಅವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಸೇರಿದ್ದು 1960ರಲ್ಲಿ, ನೊಬೆಲ್ ಪ್ರಶಸ್ತಿ ಬಂದದ್ದು 1963ರಲ್ಲಿ. ಬಂಧುವಾದ್ದರಿಂದ ಕೊಡುವುದು ಎಷ್ಟು ಅನ್ಯಾಯವೋ ಬಂಧುವಾದ್ದರಿಂದ ಕೊಡದಿರುವುದೂ ಅಷ್ಟೇ ಅನ್ಯಾಯವೆಂಬುದು ಇಂಥವರ ಬದುಕಿನಿಂದ ಸ್ಪಷ್ಟವಾಗುತ್ತ ಬಂದು, 1971ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಅಧ್ಯಾಪಕರ ಸಂಘವು ಈ ನಿಷೇಧಗಳನ್ನು ಕೈಬಿಡಬೇಕೆಂದು ಹೇಳಿಕೆ ಹೊರಡಿಸಿತು. ನೇಮಕ, ಬಡ್ತಿ, ವೇತನದಂಥ ನಿರ್ಣಯಗಳಿಂದ ತನ್ನ ಕುಟುಂಬದವರಿಗೆ ನೇರ ಪ್ರಯೋಜನವಾಗುವಾಗ ಅಧ್ಯಾಪಕನು ಅಂಥ ನಿರ್ಣಯವನ್ನು ತಾನು ಆರಂಭಿಸಲೂ ಬಾರದು, ಅದರಲ್ಲಿ ಪಾಲ್ಗೊಳ್ಳಲೂ ಬಾರದು ಎಂಬ ಕಟ್ಟನ್ನು ಆ ಹೇಳಿಕೆ ಉಳಿಸಿಕೊಂಡಿತು. ಅಭ್ಯರ್ಥಿಯ ಮೇಲಿದ್ದ ನಿರ್ಬಂಧವು ಹೀಗೆ ಆಯ್ಕೆ ಮಾಡುವವನ ಮೇಲೆ ಬಂದಿತು.